ನಿಷೇಧ ಹೇರಿ ಕೈತೊಳೆದುಕೊಂಡವರು

ದೆಹಲಿಯಲ್ಲಿ ಪ್ರಾಣಿದಯೆ ಬಲು ಅಗ್ಗ. ಲೋದಿ ರಸ್ತೆಯ ಆಸುಪಾಸಿನ ಯಾವ ಸಭಾಂಗಣಕ್ಕೆ ಬೇಕಾದರೂ ಹೋಗಿ, ಕಾಡು, ಕೆರೆ, ನದಿ ಎಂದು ಮಾತು ಬಂದ ಕೂಡಲೇ ಯಾರಾದರೊಬ್ಬರು ಎದ್ದು ‘ಪೂರ್ತಿ ಬ್ಯಾನ್ ಮಾಡಿಬಿಡಬೇಕು’ ಅನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ. ಚಹಾ ಬರುತ್ತದೆ. ಲೈಸೆನ್ಸ್ ಕೊಡುತ್ತಿದ್ದ ಕಾಲದಲ್ಲಿ ಕಾಡು ಹಾಳಾಯಿತು, ಲೈಸೆನ್ಸ್ ಕಿತ್ತುಹಾಕಿದ ಮೇಲೆ ಉಳಿಯಿತು, ಆದ್ದರಿಂದ ನೀರಿಗೂ ಅದೇ ಮದ್ದು ಎಂಬುದು ಇವರ ತರ್ಕ. ಗಾಳ ಹಿಡಿದ ಪ್ರವಾಸಿಯೂ ಬೇಟೆಗಾರನೇ, ಅವನಿಗೆ ಪರ್ಮಿಟ್ ಬರೆದುಕೊಡುವ ಸರ್ಕಾರ ಅವನ ಪಾಪದಲ್ಲಿ ಪಾಲುದಾರ. ಈ ತರ್ಕವನ್ನು ಪ್ರಶ್ನಿಸಿದವರು ಶಿಕಾರಿ ಲಾಬಿಯ ಏಜೆಂಟರು. ಹೀಗೆ ಪ್ರಶ್ನೆಯೇ ಇಲ್ಲದೆ ಒಪ್ಪಿತವಾದ ಒಂದು ಮಾತು ಮೂರು ದಶಕಗಳಿಂದ ದೇಶದ ನದಿಗಳ ಮೇಲೆ ಸವಾರಿ ಮಾಡುತ್ತಿದೆ.

ಬಂದೂಕಿನ ಲೆಕ್ಕವನ್ನು ಮೊದಲು ಚುಕ್ತಾ ಮಾಡಿಬಿಡೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ಒಮ್ಮೆಗೇ ನಿಲ್ಲಿಸಲಿಲ್ಲ. ದೊಡ್ಡ ಪ್ರಾಣಿಗೊಂದು, ಸಣ್ಣದಕ್ಕೊಂದು, ಬಲೆ ಉರುಲಿಗೊಂದು ಎಂದು ಲೈಸೆನ್ಸುಗಳನ್ನು ಇಟ್ಟುಕೊಂಡಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿತು. ಮುಚ್ಚಿದ್ದು ಸರಿ. ಗುಂಡು ತಗುಲಿದ ಜಿಂಕೆಯನ್ನು ತೂಕ ಮಾಡಿ ಮತ್ತೆ ಕಾಡಿಗೆ ಬಿಡಲು ಬರುವುದಿಲ್ಲ. ಆ ಬಾಗಿಲು ತೆರೆಯಿರಿ ಎಂದು ನಾನು ಕೇಳುತ್ತಿಲ್ಲ. ಆದರೆ ಬಾಗಿಲು ಮುಚ್ಚಿದ ಮೇಲೆ ದೊಡ್ಡವರ ಮನೆಯ ಬಂದೂಕುಗಳೆಲ್ಲ ಗೋಡೆಯ ಮೊಳೆಗೆ ನೇತುಬಿದ್ದವು ಎಂದು ನಂಬುವವರು 2005ರ ಜೂನ್ ತಿಂಗಳನ್ನು ನೆನೆಸಿಕೊಳ್ಳಲಿ. ದೆಹಲಿಯ ಮಗ್ಗುಲಲ್ಲೇ ಇರುವ ಝಜ್ಜರ್‌ನಲ್ಲಿ ಸತ್ತ ಕೃಷ್ಣಮೃಗ ಸಿಕ್ಕ ಪ್ರಕರಣದಲ್ಲಿ ಆರೋಪಿಯಾದವರು ಮನ್ಸೂರ್ ಅಲಿ ಖಾನ್ ಪಟೌಡಿ, ಭಾರತ ಕ್ರಿಕೆಟ್ ತಂಡದ ಮಾಜಿ ನಾಯಕ. ವಿಚಾರಣೆ ಮುಗಿಯುವ ಮೊದಲೇ, 2011ರಲ್ಲಿ, ಅವರು ತೀರಿಕೊಂಡರು. ತಪ್ಪಿತಸ್ಥರೋ ಅಲ್ಲವೋ ಎಂದು ಅವರ ಬದುಕಿನಲ್ಲಿ ತೀರ್ಮಾನವಾಗಲೇ ಇಲ್ಲ. ಕಾಗದದ ಮೇಲಿನ ನಿಷೇಧದ ವೇಗ ಅಷ್ಟು.

ಲೈಸೆನ್ಸ್ ಎಂದರೆ ಕೊಲ್ಲುವ ಪರವಾನಗಿ ಎಂದು ವಾದಿಸುವವರ ಅಚ್ಚುಮೆಚ್ಚಿನ ಉದಾಹರಣೆ ಭರತಪುರ. ಆ ಜಿಲ್ಲೆ ಈಗ ರಾಷ್ಟ್ರ ರಾಜಧಾನಿ ಪ್ರದೇಶದ ಲೆಕ್ಕಕ್ಕೇ ಸೇರಿದೆ. ಅಲ್ಲಿನ ಕೇವಲಾದೇವ್ ಘನಾದಲ್ಲಿ 1938ರ ನವೆಂಬರ್‌ನ ಒಂದೇ ದಿನ ವೈಸರಾಯ್ ಲಿನ್‌ಲಿತ್‌ಗೋ ಮತ್ತು ಅವನ ಪರಿವಾರ 4,273 ಹಕ್ಕಿಗಳನ್ನು ಹೊಡೆದುರುಳಿಸಿದರು. ನೋಡಿ, ಇದೇ ಲೈಸೆನ್ಸ್ ರಾಜ್ಯ ಎನ್ನುತ್ತಾರೆ. ಸ್ವಾಮಿ, ವೈಸರಾಯ್ ಯಾರ ಹತ್ತಿರ ಲೈಸೆನ್ಸ್ ತೆಗೆದುಕೊಂಡಿದ್ದ? ದಿನಕ್ಕೆ ಇಷ್ಟೇ ಹಕ್ಕಿ, ಇಂಥ ತಿಂಗಳು ಮಾತ್ರ, ಇಷ್ಟೇ ತೋಟಾ ಎಂದು ಬರೆದ ಚೀಟಿ ಅವನ ಜೇಬಿನಲ್ಲಿತ್ತೇ? ಮೇರೆಯೇ ಇಲ್ಲದವನ ಕೈಗೆ ಮೇರೆ ಹಾಕುವ ಕಾಗದಕ್ಕೆ ಲೈಸೆನ್ಸ್ ಎನ್ನುತ್ತಾರೆ. ಅದಿಲ್ಲದ್ದರಿಂದಲೇ ಆ ನಾಲ್ಕು ಸಾವಿರ ಹಕ್ಕಿ ಸತ್ತವು.

ಭರತಪುರದ ಕಥೆಯ ಉತ್ತರಾರ್ಧವನ್ನು ಇವರು ಹೇಳುವುದೇ ಇಲ್ಲ. 1982ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಸುತ್ತಲಿನ ಹಳ್ಳಿಗಳ ಎಮ್ಮೆಗಳು ಒಳಗೆ ಮೇಯುವುದನ್ನು ಒಂದೇ ಏಟಿಗೆ ನಿಲ್ಲಿಸಿದರು. ಇಷ್ಟು ಎಮ್ಮೆ, ಇಷ್ಟು ದಿನ, ಇಂಥ ಕಡೆ ಎಂದು ಗೊತ್ತುಮಾಡುವ ತಾಳ್ಮೆ ಯಾರಿಗೂ ಇರಲಿಲ್ಲ. ಹಳ್ಳಿಗರು ತಿರುಗಿಬಿದ್ದರು, ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಆಮೇಲೆ ಏನಾಯಿತು? ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಆ ಜೌಗಿನಲ್ಲಿ ಹತ್ತು ವರ್ಷ ಅಧ್ಯಯನ ನಡೆಸಿ ಕಂಡುಕೊಂಡದ್ದು, ಎಮ್ಮೆ ಇಲ್ಲದೆ ನೀರುಹುಲ್ಲು ಬೆಳೆದು ಕೆರೆಯ ಮೈಯನ್ನೆಲ್ಲ ಮುಚ್ಚಿದೆ, ಬಾತುಗಳಿಗೆ ಇಳಿಯಲು ತೆರೆದ ನೀರಿಲ್ಲ ಎಂದು. ಹಕ್ಕಿಗಾಗಿ ಎಮ್ಮೆ ಓಡಿಸಿದರು, ಎಮ್ಮೆ ಇಲ್ಲದ್ದರಿಂದ ಹಕ್ಕಿಗೆ ಜಾಗ ಇಲ್ಲದಾಯಿತು, ನಡುವೆ ಮನುಷ್ಯರು ಗುಂಡಿಗೆ ಬಲಿಯಾದರು. ದೆಹಲಿಯಿಂದ ಕಾರಿನಲ್ಲಿ ನಾಲ್ಕು ಗಂಟೆಯ ದಾರಿಯಲ್ಲಿ ನಡೆದ ಈ ಸಂಗತಿ ದೆಹಲಿಯ ತಲೆಗೆ ಹೋಗಲಿಲ್ಲ. ಮೂವತ್ತು ವರ್ಷ ಬಿಟ್ಟು ಅದೇ ಏಟನ್ನು ನಮ್ಮ ಕಾವೇರಿಯ ಮೇಲೆ ಬೀಸಿತು.

ಸಂಗಮದ ಮೇಲೆ ಕೆಳಗೆ, ಭೀಮೇಶ್ವರಿ, ದೊಡ್ಡಮಾಕಳಿ, ಗಾಲಿಬೋರೆಗಳಲ್ಲಿ ಕರ್ನಾಟಕ ಸರ್ಕಾರದ್ದೇ ಕಂಪನಿಯಾದ ಜಂಗಲ್ ಲಾಡ್ಜಸ್ ಗಾಳದ ಕ್ಯಾಂಪುಗಳನ್ನು ನಡೆಸುತ್ತಿತ್ತು. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಕೂಡ ನದಿಯ ಒಂದಷ್ಟು ಉದ್ದವನ್ನು ಗುತ್ತಿಗೆಗೆ ಪಡೆದು ಕಾಯುತ್ತಿತ್ತು. ಪ್ರವಾಸಿ ಬರುತ್ತಿದ್ದುದು ಮಹಶೀರ್‌ಗಾಗಿ. ಅದರಲ್ಲೂ ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಗೂನುಬೆನ್ನಿನ ಮಹಶೀರ್‌ಗಾಗಿ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಎಳೆದ ಮೀನು 120 ಪೌಂಡ್ ತೂಗಿತ್ತು, ಅಂದರೆ ಐವತ್ತನಾಲ್ಕು ಕಿಲೋ, ಒಬ್ಬ ಆಳಿನ ತೂಕ.

ಕ್ಯಾಂಪಿನ ಕೆಲಸ ಹೇಗಿತ್ತು ನೋಡಿ. ಬೆಳಗಾಗುವ ಮೊದಲೇ ರಾಗಿ ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ, ಕೊಕ್ಕೆಯ ಸುತ್ತ ಮೆತ್ತಿ, ತೆಪ್ಪದಲ್ಲಿ ಮಡುವಿನ ತಲೆಗೆ ಹೋಗಿ ಎಸೆದು ಕೂರಬೇಕು. ತೆಪ್ಪ ಹಾಕುವವರು ಅಕ್ಕಪಕ್ಕದ ಹಳ್ಳಿಗಳವರೇ. ಅವರಲ್ಲಿ ಕೆಲವರು ಹಿಂದೆ ಅದೇ ನೀರಿಗೆ ತೋಟೆ ಸಿಡಿಸಿದವರು, ಸಂಬಳ ಸಿಕ್ಕ ಮೇಲೆ ತೋಟೆ ಸಿಡಿಸುವವರನ್ನು ಹಿಡಿಯಲು ನಿಂತವರು. ಮೀನು ಸಿಕ್ಕಿದರೆ ದಡಕ್ಕೆ ತಂದು, ತೂಗಿ, ಯಾವ ಬಗೆಯದು ಎಂದು ನೋಡಿ, ಲೆಡ್ಜರಿನಲ್ಲಿ ಬರೆದು, ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು ಅದು ಚೇತರಿಸಿಕೊಳ್ಳುವವರೆಗೆ ಕಾದು ಬಿಟ್ಟುಬಿಡುತ್ತಿದ್ದರು. ತಿನ್ನುವ ಹಾಗಿರಲಿಲ್ಲ. ಕಾಸು ಕೊಟ್ಟವನೂ ತಿನ್ನುವ ಹಾಗಿರಲಿಲ್ಲ!

ಇದನ್ನು ದೆಹಲಿಯ ಸಿಜಿಒ ಕಾಂಪ್ಲೆಕ್ಸಿನ ಪರಿಸರ ಸಚಿವಾಲಯ ಬೇಟೆ ಎಂದು ಓದಿತು. ಕಾಯ್ದೆಯಲ್ಲಿ ಬೇಟೆಯ ಅರ್ಥದೊಳಗೆ ‘ಸೆರೆಹಿಡಿಯುವುದು’ ಕೂಡ ಇದೆಯಲ್ಲ, ಗಾಳವೂ ಸೆರೆ ತಾನೇ? 2012ರ ಹೊತ್ತಿಗೆ ಕಾವೇರಿ ವನ್ಯಜೀವಿ ಧಾಮದೊಳಗೆ ಗಾಳ ನಿಂತಿತು. ಅಂದು ಗೂನುಬೆನ್ನಿನ ಮಹಶೀರ್‌ನ ಹೆಸರು ಅದೇ ಕಾಯ್ದೆಯ ಯಾವ ಅನುಸೂಚಿಯಲ್ಲೂ ಇರಲಿಲ್ಲ. ಆ ಮೀನಿಗೆ ಜಗತ್ತು ಒಪ್ಪಿದ ವೈಜ್ಞಾನಿಕ ಹೆಸರೇ ಇನ್ನೂ ಗಟ್ಟಿಯಾಗಿರಲಿಲ್ಲ. ಹೆಸರಿಡದ ಮಗುವನ್ನು ಕಾಪಾಡುತ್ತೇವೆಂದು ಅದರ ದಾದಿಯನ್ನು ಮನೆಯಿಂದ ಓಡಿಸಿದರು. ಗಾಳ ಹಿಡಿದು ಹೊಳೆಯ ದಡದಲ್ಲಿ ಗಂಟೆಗಟ್ಟಲೆ ಕೂರುತ್ತಿದ್ದ ಪೂರ್ಣಚಂದ್ರ ತೇಜಸ್ವಿ ಈಗಿದ್ದು, ಭೀಮೇಶ್ವರಿಯ ಮಡುವಿನ ಹತ್ತಿರ ಸುಳಿದಿದ್ದರೆ ಅವರ ಮೇಲೂ ವನ್ಯಜೀವಿ ಕಾಯ್ದೆಯಡಿ ಕೇಸು ಜಡಿಯುತ್ತಿದ್ದರೋ ಏನೋ.

ಇನ್ನು ಆ ಲೆಡ್ಜರಿನ ಮಾತು. ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಪುಟಗಳನ್ನು ಮೀನಿನ ವಿಜ್ಞಾನಿಗಳು ತೆಗೆದು ನೋಡಿದರು. ಇಪ್ಪತ್ತಮೂರು ಸಾವಿರಕ್ಕೂ ಹೆಚ್ಚು ಗಂಟೆಗಳ ಗಾಳ, ಆರು ಸಾವಿರಕ್ಕೂ ಹೆಚ್ಚು ಮಹಶೀರ್. ಒಟ್ಟು ಸಿಗುವ ಮೀನಿನ ಸಂಖ್ಯೆ ವರ್ಷವರ್ಷಕ್ಕೆ ಏರಿತ್ತು. ಮೇಲುನೋಟಕ್ಕೆ ಸಂತೋಷದ ಸುದ್ದಿ. ಆದರೆ ಬಗೆ ಬಗೆಯಾಗಿ ಬಿಡಿಸಿದಾಗ ಬೇರೆಯದೇ ಕಂಡಿತು. ಏರಿದ್ದೆಲ್ಲ ಹೊರಗಿನಿಂದ ತಂದುಬಿಟ್ಟ ನೀಲಿ ರೆಕ್ಕೆಯ ಮಹಶೀರ್. ಗೂನುಬೆನ್ನಿನದು ಕಡಿಮೆಯಾಗುತ್ತ ಬಂದಿತ್ತು, ಸಿಗುತ್ತಿದ್ದವು ಬರೀ ದೊಡ್ಡ ದೊಡ್ಡ ಮುದಿ ಮೀನುಗಳು. ಮರಿಗಳು ಬೆಳೆದು ಮೇಲೆ ಬರುತ್ತಿರಲಿಲ್ಲ. ಒಂದು ಸಂತತಿ ಕಣ್ಣೆದುರೇ ನಂದುತ್ತಿದೆ ಎಂಬುದಕ್ಕೆ ಈ ದೇಶದಲ್ಲಿದ್ದ ಒಂದೇ ದಾಖಲೆ ಗಾಳದವರ ಪುಸ್ತಕ.

ಆ ನೀಲಿ ರೆಕ್ಕೆಯ ಮರಿಗಳು ಎಲ್ಲಿಂದ ಬಂದವು? ಲೋನಾವಳಾದ ಟಾಟಾ ಮರಿ ಸಾಕಣೆ ಕೇಂದ್ರದಿಂದ. ತಂದು ಬಿಟ್ಟವರಲ್ಲಿ ಗಾಳದವರೂ ಇದ್ದರು, ನದಿಗೆ ಉಪಕಾರವಾಗಲಿ ಎಂದು. ಗಾಳದವರೆಲ್ಲ ಪುಣ್ಯಪುರುಷರು ಎಂದು ನಾನು ಸರ್ಟಿಫಿಕೇಟ್ ಕೊಡುತ್ತಿಲ್ಲ. ಅವರ ತಪ್ಪನ್ನು ಹಿಡಿದುಕೊಟ್ಟದ್ದು ಅವರೇ ಬರೆದ ಲೆಡ್ಜರ್. ತನ್ನನ್ನು ಬರೆದವನ ವಿರುದ್ಧವೇ ಸಾಕ್ಷಿ ಹೇಳುವ ಇಂಥ ದಾಖಲೆ ಯಾವ ನಿಷೇಧದಿಂದ ಹುಟ್ಟಿದೆ, ತೋರಿಸಿ. ಗಾಳ ನಿಂತ ದಿನ ಪುಸ್ತಕವೂ ಮುಚ್ಚಿತು. ಆರು ವರ್ಷದ ಮೇಲೆ, 2018ರಲ್ಲಿ, ಆ ಮೀನಿನ ಗುರುತು ಟಾರ್ ರೆಮಾದೇವಿ ಎಂದು ಗಟ್ಟಿಯಾಯಿತು. ಅದೇ ವರ್ಷ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದು ಅಳಿವಿನ ಅಂಚಿನ ಕೊನೆಯ ಮೆಟ್ಟಿಲಿಗೆ ಬಂದು ನಿಂತಿತು. ನಿಷೇಧ ಕಾಪಾಡಿದ್ದು ಯಾರನ್ನು?

ರಾತ್ರಿ ನೀರಿಗೆ ತೋಟೆ ಎಸೆಯುವವನು ಯಾವತ್ತಾದರೂ ಪರ್ಮಿಟ್‌ಗೆ ಅರ್ಜಿ ಗುಜರಾಯಿಸಿದ್ದನೇ? ಕ್ಯಾಂಪಿತ್ತೋ ಇಲ್ಲವೋ, ನಿಷೇಧ ಬಂತೋ ಹೋಯಿತೋ, ಅವನಿಗೆ ವ್ಯತ್ಯಾಸವಿಲ್ಲ. ಇರುವ ಒಂದೇ ವ್ಯತ್ಯಾಸವೆಂದರೆ, ಮೊದಲು ದಡದಲ್ಲಿ ಲಾಟೀನು ಹಿಡಿದವರು ಇದ್ದರು, ಈಗ ಇಲ್ಲ. ಬ್ರಿಟಿಷರು 1897ರಲ್ಲಿ ಬರೆದ ಮೀನುಗಾರಿಕೆ ಕಾಯ್ದೆ ಸಿಡಿಮದ್ದು ಮತ್ತು ವಿಷ ಹಾಕಿದವರಿಗೆ ಇಟ್ಟ ಶಿಕ್ಷೆ ಹೆಚ್ಚೆಂದರೆ ಎರಡು ತಿಂಗಳ ಸಜೆ, ಇಲ್ಲವೇ 200 ರೂಪಾಯಿ ದಂಡ. ಆಮೇಲೆ ರಾಜ್ಯಗಳು ತಂತಮ್ಮ ಕಾಯ್ದೆ ಮಾಡಿಕೊಂಡವು, ನಿಜ. ಮೈಸೂರು ಸಂಸ್ಥಾನವಂತೂ 1901ರಲ್ಲೇ ಬೇಟೆ, ಮೀನು ಎರಡಕ್ಕೂ ಸೇರಿಸಿ ನಿಯಮ ಬರೆದಿತ್ತು. ಆದರೆ ಇನ್ನೂರು ರೂಪಾಯಿಯ ಆ ಮನೋಭಾವ ಇನ್ನೂ ಹೋಗಿಲ್ಲ. ಮೀನನ್ನು ಬಿಟ್ಟುಬಿಡುವವನಿಗೆ ವನ್ಯಜೀವಿ ಕಾಯ್ದೆ, ಮಡುವನ್ನೇ ಸಿಡಿಸುವವನಿಗೆ ಮೀನುಗಾರಿಕೆ ಕಾಯ್ದೆ.

ಇದಕ್ಕಿಂತ ಮಜಾ ಬೇಕಿದ್ದರೆ ಕಾಶ್ಮೀರಕ್ಕೆ, ಹಿಮಾಚಲಕ್ಕೆ ಹೋಗಿ. ಅಲ್ಲಿನ ಹೊಳೆಗಳ ಟ್ರೌಟ್ ನಮ್ಮ ಮೀನಲ್ಲ. ದೊರೆಗಳ ಭಾನುವಾರದ ಮೋಜಿಗೆಂದು ಬ್ರಿಟಿಷರು ಹಡಗಿನಲ್ಲಿ ಮೊಟ್ಟೆ ತರಿಸಿ ಬೆಳೆಸಿದ್ದು. ಆ ಪರದೇಶಿ ಮೀನಿಗೆ ದಿನದ ಪರ್ಮಿಟ್ ಇದೆ, ಹೊಳೆಯನ್ನು ಹಂಚಿದ ಬೀಟ್‌ಗಳಿವೆ, ಇಷ್ಟೇ ಹಿಡಿಯಬೇಕೆಂಬ ಮಿತಿ ಇದೆ, ಮೊಟ್ಟೆಯಿಡುವ ತಿಂಗಳುಗಳಲ್ಲಿ ರಜೆ ಇದೆ, ಮರಿ ಸಾಕುವ ಕೇಂದ್ರಗಳಿವೆ, ಕಾವಲುಗಾರರಿದ್ದಾರೆ. ಪ್ರವಾಸಿ ಹೋಗಿ ಫೀ ಕಟ್ಟಿ ರಸೀದಿ ತರುತ್ತಾನೆ. ಯಾರಿಗೂ ಅದು ಪಾಪ ಅನ್ನಿಸಿಲ್ಲ. ಸಾವಿರಾರು ವರ್ಷಗಳಿಂದ ಕಾವೇರಿಯಲ್ಲೇ ಹುಟ್ಟಿ ಕಾವೇರಿಯಲ್ಲೇ ಸಾಯುವ ನಮ್ಮ ಮೀನಿಗೆ ಇರುವುದು ಒಂದು ನಿಷೇಧ, ಒಂದು ತುಕ್ಕು ಹಿಡಿದ ಬೋರ್ಡು.

ಅಮೆರಿಕದ ಮಿನ್ನೆಸೋಟಕ್ಕೆ ಹೋದ ನಮ್ಮ ಹಾಸನದ ಹುಡುಗ ವಾರಾಂತ್ಯದಲ್ಲಿ ಕೆರೆಗೆ ಗಾಳ ಹಾಕುವ ಮೊದಲು ಫೋನಿನಲ್ಲೇ ಲೈಸೆನ್ಸ್ ಕೊಳ್ಳುತ್ತಾನೆ, ಯಾವ ಮೀನು ಎಷ್ಟು ಇಂಚಿದ್ದರೆ ಬಿಡಬೇಕು ಎಂದು ಓದಿಕೊಂಡು ಹೋಗುತ್ತಾನೆ. ಇಂಗ್ಲೆಂಡಿನಲ್ಲಿ ಹದಿಮೂರು ತುಂಬಿದವರೆಲ್ಲ ರಾಡ್ ಲೈಸೆನ್ಸ್ ಇಟ್ಟುಕೊಳ್ಳಬೇಕು, ಊರು ನೋಡಲು ಬಂದವರಿಗೆ ಒಂದು ದಿನದ್ದು, ಎಂಟು ದಿನದ್ದು ಸಿಗುತ್ತದೆ. ಅಮೆರಿಕದಲ್ಲಿ ಗಾಳದ ಕೋಲು, ರೀಲುಗಳ ಮೇಲಿನ ತೆರಿಗೆಯನ್ನು 1950ರ ಒಂದು ಕಾಯ್ದೆ ನೇರವಾಗಿ ಮೀನಿನ ಸಂರಕ್ಷಣೆಗೆ ಕಟ್ಟಿಹಾಕಿದೆ. ಅದೇ ಹುಡುಗ ರಜಕ್ಕೆ ಊರಿಗೆ ಬಂದು ಹೊಳೆಗಿಳಿದರೆ ಅವನನ್ನು ಕೇಳುವವರಿಲ್ಲ. ಅವನಿಗೂ ಯಾರನ್ನು ಕೇಳಬೇಕೆಂದು ಗೊತ್ತಿಲ್ಲ. ಧಾಮದೊಳಗಿದ್ದರೆ ಅವನು ಅಪರಾಧಿ, ಧಾಮದ ಗೆರೆಯಿಂದ ನೂರು ಗಜ ಆಚೆಗಿದ್ದರೆ ಅವನಿಗೆ ಸಕಲ ಸ್ವಾತಂತ್ರ್ಯ. ಮೀನಿಗೆ ಆ ಗೆರೆ ಕಾಣುತ್ತದೆಯೇ?

ಗೆರೆ ಅಂದಾಗ ಓಖ್ಲಾ ಪಕ್ಷಿಧಾಮ ನೆನಪಾಗುತ್ತದೆ. ದೆಹಲಿ ಮತ್ತು ನೋಯ್ಡಾ ನಡುವೆ ಯಮುನೆ ತಂಗುವ ಜಾಗ. 2013ರಲ್ಲಿ ಹಸಿರು ನ್ಯಾಯಮಂಡಳಿ, ಪರಿಸರ ಸೂಕ್ಷ್ಮ ವಲಯದ ಗಡಿ ನಿಗದಿಯಾಗುವವರೆಗೆ ಹತ್ತು ಕಿಲೋಮೀಟರಿನೊಳಗಿನ ಕಟ್ಟಡಗಳಿಗೆ ತಡೆ ಹಾಕಿತು. ಬಿಲ್ಡರುಗಳ ಎದೆ ಧಸಕ್ಕೆಂದಿತು. 2015ರ ಆಗಸ್ಟ್‌ನಲ್ಲಿ ಅದೇ ಪರಿಸರ ಸಚಿವಾಲಯ ಗಡಿ ನಿಗದಿ ಮಾಡಿತು. ಮೂರು ದಿಕ್ಕಿಗೆ ನೂರು ಮೀಟರ್, ಉತ್ತರಕ್ಕೆ ಮಾತ್ರ ಒಂದೂಕಾಲು ಕಿಲೋಮೀಟರಿನಷ್ಟು. ಹತ್ತು ಸಾವಿರ ಮೀಟರ್ ನೂರಾಯಿತು! ರಾಗಿ ಉಂಡೆಯ ವಿಷಯದಲ್ಲಿ ‘ಸೆರೆಹಿಡಿಯುವುದು’ ಎಂಬ ಪದದ ಒಳಹೊಕ್ಕು ನೋಡಿದ ಪಂಡಿತರು ಕಾಂಕ್ರೀಟಿನ ವಿಷಯದಲ್ಲಿ ಎಷ್ಟು ಉದಾರಿಗಳು! ಆ ಧಾಮದೊಳಗೆ ಹರಿಯುವುದಾದರೂ ಏನು? ವಜೀರಾಬಾದಿನಿಂದ ಓಖ್ಲಾದವರೆಗಿನ 22 ಕಿಲೋಮೀಟರ್ ಯಮುನೆಯ ಒಟ್ಟು ಉದ್ದದ ನೂರಕ್ಕೆ ಎರಡು ಪಾಲೂ ಇಲ್ಲ, ನದಿಯ ಕೊಳಕಿನ ಮುಕ್ಕಾಲು ಪಾಲು ಸೇರುವುದು ಅಲ್ಲೇ. ನೀರಿನಲ್ಲಿ ಉಸಿರಾಡಲು ಆಮ್ಲಜನಕವೇ ಇಲ್ಲದ ಕಡೆ ಮೀನನ್ನು ಕೊಂದದ್ದು ಗಾಳವಂತೆ! ಕರ್ನಾಟಕದ ಕಥೆ ಬೇರೆಯಲ್ಲ. ಮೇಕೆದಾಟುವಿನಲ್ಲಿ ಕಟ್ಟಬೇಕೆಂದಿರುವ 67 ಟಿಎಂಸಿಯ ಜಲಾಶಯ ಇದೇ ಕಾವೇರಿ ಧಾಮದ ಕಾಡನ್ನು ಮುಳುಗಿಸುತ್ತದೆ. ಅಣೆಕಟ್ಟು ಬೇಕೋ ಬೇಡವೋ, ಆ ಜಗಳ ಇಲ್ಲಿ ಬೇಡ. ಕಾಡು ಮುಳುಗಿಸುವ ಯೋಜನೆಗೆ ಎಲ್ಲ ಪಕ್ಷಗಳೂ ಒಂದಾಗುವ ನಾಡಿನಲ್ಲಿ ಒಂದು ಗಾಳದ ಕೋಲಿಗೆ ಮಾತ್ರ ಧಾಮದ ಪಾವಿತ್ರ್ಯ ಅಡ್ಡ ಬರುವುದು ಹೇಗೆ?

ಮೀನಿನ ವಿಷಯದಲ್ಲಿ ಪೂರ್ತಿ ನಿಷೇಧ ಎನ್ನುವ ಇದೇ ವ್ಯವಸ್ಥೆ ದೋಣಿಯ ವಿಷಯದಲ್ಲಿ ಪೂರ್ತಿ ಕಣ್ಣು ಮುಚ್ಚಿಕೊಂಡಿದೆ. ಎರಡೂ ಒಂದೇ ಸೋಮಾರಿತನದ ಅವಳಿ ಮಕ್ಕಳು. ಡಿಸೆಂಬರ್‌ನಲ್ಲಿ ಬೆಳಗಿನ ಜಾವ ಕಾಶ್ಮೀರಿ ಗೇಟ್ ಹತ್ತಿರದ ಯಮುನಾ ಘಾಟ್‌ಗೆ ಹೋಗಿ ನೋಡಿ. ದೂರದ ಉತ್ತರದಿಂದ ಬಂದ ಬಿಳಿ ಗಲ್ ಹಕ್ಕಿಗಳು ಮಂಜಿನಲ್ಲಿ ಕಿರುಚುತ್ತಿರುತ್ತವೆ. ದಡದಲ್ಲಿ ಸೇವ್ ಪೊಟ್ಟಣ ಮಾರುವವರು, ಮದುವೆಗೆ ಮುಂಚಿನ ಫೋಟೋ ತೆಗೆಸಲು ಲೆಹೆಂಗಾ ಎತ್ತಿ ಹಿಡಿದು ದೋಣಿಗೆ ಕಾಲಿಡುವ ಹುಡುಗಿಯರು, ಬಾಯಲ್ಲಿ ಸದ್ದು ಮಾಡಿ ಹಕ್ಕಿ ಕರೆಯುವ ಅಂಬಿಗ. ದೋಣಿಯ ಮೈಮೇಲೆ ನಂಬರ್ ಹುಡುಕಿ. ಎಷ್ಟು ಜನ ಹತ್ತಬಹುದು ಎಂದು ಬರೆದಿದೆಯೇ ನೋಡಿ. ಲೈಫ್ ಜಾಕೆಟ್ ಕೇಳಿದರೆ ಹಲಗೆಯ ಕೆಳಗಿನಿಂದ ಬಕಲ್ ಕಿತ್ತುಹೋದ ಕಿತ್ತಳೆ ಬಣ್ಣದ್ದೊಂದು ಹೊರಬರುತ್ತದೆ, ಅದನ್ನು ಯಾರು ಹಾಕಿಕೊಳ್ಳಬೇಕೆಂದು ನೀವೇ ಮನೆಯವರೊಳಗೆ ತೀರ್ಮಾನಿಸಿಕೊಳ್ಳಬೇಕು. ವಲಸೆ ಹಕ್ಕಿಗಳಿಗೆ ಖಾರದ ಸೇವ್ ತಿನ್ನಿಸುವುದಕ್ಕೆ ಯಾವ ಸೆಕ್ಷನ್ ಹಾಕುತ್ತಾರೋ ಕೇಳಿ ತಿಳಿಯಬೇಕು.

ಕಾಯ್ದೆ ಇಲ್ಲವೆಂದಲ್ಲ. 2021ರ ಒಳನಾಡು ಹಡಗುಗಳ ಕಾಯ್ದೆ ಬಂದು, 1917ರ ಹಳೆಯದನ್ನು ಕಿತ್ತುಹಾಕಿ, 2022ರಿಂದ ಜಾರಿಯಲ್ಲಿದೆ. ನೋಂದಣಿ, ತಪಾಸಣೆ, ಸರ್ಟಿಫಿಕೇಟ್ ಎಲ್ಲ ಅದರಲ್ಲಿದೆ. ಒಳನಾಡು ಜಲಮಾರ್ಗ ಪ್ರಾಧಿಕಾರದ ಕೇಂದ್ರ ಕಚೇರಿ ಇರುವುದು ನೋಯ್ಡಾದಲ್ಲೇ. ಯಮುನೆ ಅದರ ಲೆಕ್ಕದಲ್ಲಿ ರಾಷ್ಟ್ರೀಯ ಜಲಮಾರ್ಗ 110. 2025ರಲ್ಲಿ ಸೋನಿಯಾ ವಿಹಾರದಿಂದ ಜಗತ್ಪುರದವರೆಗೆ ಕ್ರೂಸ್ ಓಡಿಸುವ ಒಪ್ಪಂದಕ್ಕೂ ಸಹಿಯಾಯಿತು. ಕ್ರೂಸ್‌ಗೆ ಸಮಾರಂಭ ಮಾಡಲು ಬಿಡುವಿರುವವರಿಗೆ ಅಂಬಿಗನ ದೋಣಿಗೆ ಒಂದು ನಂಬರ್ ಬರೆಯಲು ಬಿಡುವಿಲ್ಲ.

ಆಮೇಲೆ ಮುಳುಗುತ್ತದೆ. 2017ರ ಸೆಪ್ಟೆಂಬರ್ 14ರಂದು ಇದೇ ರಾಜಧಾನಿ ಪ್ರದೇಶದ ಬಾಗ್‌ಪತ್‌ನಲ್ಲಿ ಯಮುನೆ ದಾಟುತ್ತಿದ್ದ, ಅಳತೆ ಮೀರಿ ಜನ ತುಂಬಿದ್ದ ದೋಣಿ ಮಗುಚಿ ಇಪ್ಪತ್ತರ ಆಸುಪಾಸು ಜನ ಸತ್ತರು, ಹೆಚ್ಚಿನವರು ಕೂಲಿಗೆ ಹೊರಟಿದ್ದ ಹೆಂಗಸರು. 2019ರ ಜನವರಿ 21ರಂದು ನಮ್ಮ ಕಾರವಾರದ ಕೂರ್ಮಗಡ ಜಾತ್ರೆಯ ದೋಣಿಯಲ್ಲಿ 16 ಮಂದಿ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಮಂದಿ, ಅರ್ಧಕ್ಕಿಂತ ಹೆಚ್ಚು ಮಕ್ಕಳು. ಅದು ಮೀನುದೋಣಿಯನ್ನೇ ತಿದ್ದಿ ಪ್ರವಾಸಿ ದೋಣಿ ಮಾಡಿದ್ದು. ಹೆಣ ಎತ್ತಿ ಮುಗಿಸಿದ ಮೇಲೆ ಜಿಲ್ಲಾಡಳಿತದಿಂದ ಬರುವ ಆದೇಶ ಏನು? ಮತ್ತೆ ಅದೇ: ‘ಮುಂದಿನ ಆದೇಶದವರೆಗೆ ದೋಣಿ ವಿಹಾರ ನಿಷೇಧ’. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಎರಡು ತಿಂಗಳಿಗೆ ಆದೇಶ ಮರೆತುಹೋಗುತ್ತದೆ, ದೋಣಿ ಹೊರಡುತ್ತದೆ, ಅದೇ ದೋಣಿ, ಅದೇ ಹರಿದ ಜಾಕೆಟ್.

ಈ ನಿಷೇಧ ಯಾರಿಗೆ ಅನುಕೂಲ ಎಂದು ಕೇಳಿ ನೋಡಿ. ಲೈಸೆನ್ಸ್ ಕೊಟ್ಟರೆ ಅಧಿಕಾರಿ ಸಹಿ ಹಾಕಬೇಕು, ತಪಾಸಣೆಗೆ ಹೋಗಬೇಕು, ಎಡವಟ್ಟಾದರೆ ಫೈಲಿನಲ್ಲಿ ಅವನ ಹೆಸರಿರುತ್ತದೆ. ನಿಷೇಧಕ್ಕೆ ಒಂದೇ ಸಹಿ ಸಾಕು. ಆಮೇಲೆ ಮೀನು ಸತ್ತರೆ ‘ನಾವು ಆಗಲೇ ನಿಷೇಧಿಸಿದ್ದೆವು’, ಮನುಷ್ಯ ಸತ್ತರೆ ‘ಅದು ಅನಧಿಕೃತ ದೋಣಿ’. ಅನಧಿಕೃತ ಅಲ್ಲದೆ ಇನ್ನೇನಾಗಿರಲು ಸಾಧ್ಯವಿತ್ತು, ಅಧಿಕೃತವಾಗುವ ದಾರಿಯನ್ನೇ ನೀವು ತೆರೆಯದಿದ್ದಾಗ? ಲೈಸೆನ್ಸ್ ಎಂದರೆ ಲಂಚ, ಇನ್ನೊಂದು ಕಿಟಕಿ ತೆರೆದರೆ ಇನ್ನೊಂದು ಕೈ ಚಾಚುತ್ತದೆ ಎನ್ನುವವರಿಗೂ ನನ್ನದೊಂದು ಪ್ರಶ್ನೆ: ನಿಷೇಧಕ್ಕೆ ಲಂಚವಿಲ್ಲವೇ? ರಾತ್ರಿ ಜೀಪಿನಲ್ಲಿ ಬಂದು ಮಡುವಿನ ಹತ್ತಿರ ಇಳಿಯುವವರು ಗೇಟಿನಲ್ಲಿ ಭಜನೆ ಹಾಡಿ ಒಳಗೆ ಬರುತ್ತಾರೆಯೇ? ರಸೀದಿಯಿರುವ ನೂರು ರೂಪಾಯಿಗೆ ಲೆಕ್ಕ ಕೇಳಬಹುದು, ರಸೀದಿಯಿಲ್ಲದ ಸಾವಿರಕ್ಕೆ ಯಾರನ್ನು ಕೇಳುತ್ತೀರಿ?

ಇದನ್ನು ಸರಿಮಾಡಲು ಸಂಸತ್ತು ಕೂರಬೇಕಾಗಿಲ್ಲ. ವನ್ಯಜೀವಿ ಕಾಯ್ದೆಯ 12ನೇ ಸೆಕ್ಷನ್ನಿನಲ್ಲಿ ವೈಜ್ಞಾನಿಕ ಸಂಶೋಧನೆಗೆಂದು ಪರ್ಮಿಟ್ ಕೊಡುವ ಅಧಿಕಾರ ಈಗಲೂ ಇದೆ. ಗಾಳ ಹಾಕಿ, ತೂಗಿ, ಬರೆದು, ಬಿಡುವುದು ಸಂಶೋಧನೆಯಲ್ಲದಿದ್ದರೆ ಇನ್ನಾವುದು ಸಂಶೋಧನೆ? ಆ ಸೆಕ್ಷನ್ ಬಳಸಿ ಕಾವೇರಿಯ ಕ್ಯಾಂಪುಗಳನ್ನು ತೆರೆಯಿರಿ. ಹಿಮ್ಮುಳ್ಳಿಲ್ಲದ ಕೊಕ್ಕೆ ಮಾತ್ರ, ಮೊಟ್ಟೆಯಿಡುವ ಕಾಲದಲ್ಲಿ ಬಾಗಿಲು ಬಂದ್, ದಿನಕ್ಕೆ ಇಷ್ಟೇ ಕೋಲು. ಪ್ರವಾಸಿ ಕಟ್ಟಿದ ಹಣ ಬೆಂಗಳೂರಿನ ಖಜಾನೆಗೂ ಹೋಗಬಾರದು, ದೆಹಲಿಗೂ ಹೋಗಬಾರದು, ನದಿಯ ದಡದ ಹಳ್ಳಿಯ ಕಾವಲುಗಾರನ ತಿಂಗಳ ಸಂಬಳಕ್ಕೆ ಹೋಗಬೇಕು. ಲೆಡ್ಜರಿನ ಪುಟ ಅದೇ ಸಂಜೆ ಎಲ್ಲರೂ ಓದುವಂತೆ ಹೊರಬೀಳಬೇಕು. ನೋಯ್ಡಾದ ಪ್ರಾಧಿಕಾರವೂ ದೆಹಲಿ ಸರ್ಕಾರವೂ ಕ್ರೂಸ್‌ನ ರಿಬ್ಬನ್ ಕತ್ತರಿಸುವ ಮೊದಲು ಯಮುನಾ ಘಾಟ್‌ನ ಪ್ರತಿ ದೋಣಿಗೂ ನಂಬರ್ ಬರೆಸಲಿ, ತಲೆಗೊಂದು ಜಾಕೆಟ್ ಇಲ್ಲದ ದೋಣಿಯನ್ನು ದಡದಲ್ಲೇ ಕಟ್ಟಿಹಾಕಲಿ, ಆ ಜಾಕೆಟ್ ಕೊಳ್ಳಲು ಅಂಬಿಗನಿಗೆ ಸಾಲ ಕೊಡಲಿ.

ಇಷ್ಟೂ ಆಗುವುದಿಲ್ಲ ಎಂದರೆ ಸಚಿವಾಲಯ ಒಂದು ಕೆಲಸವನ್ನಾದರೂ ಮಾಡಲಿ. ಗಾಳ ನಿಂತ ಮೇಲೆ ಕಾವೇರಿ ಧಾಮದ ಒಂದೊಂದು ಮಡುವಿನಲ್ಲಿ ಗೂನುಬೆನ್ನಿನ ಮಹಶೀರ್ ಎಷ್ಟಿವೆ, ಮರಿ ಎಷ್ಟು, ದೊಡ್ಡದೆಷ್ಟು ಎಂದು ವರ್ಷವಾರು ಲೆಕ್ಕವನ್ನು ಜನರ ಮುಂದಿಡಲಿ. ಹದಿನಾಲ್ಕು ವರ್ಷ ಗಾಳದವರು ಸಂಬಳವಿಲ್ಲದೆ ಬರೆದುಕೊಟ್ಟರು. ನಿಷೇಧದಿಂದ ಮೀನು ಉಳಿಯಿತು ಎನ್ನುವವರು ಈಗ ತಮ್ಮ ಪುಸ್ತಕ ತೆರೆದು ತೋರಿಸಲಿ.